ತಂಗೆವ್ವ ಸೋತದ್ದು

ಆ ವರ್ಷ ತಂಗೆವ್ವ ಪದದ ಸವಾಲಿನಲ್ಲಿ ಒಂದು ಸಲವೂ ಸೋಲಲಿಲ್ಲ. ಲೋಕಾಪುರದ ಓಣಿಯ ಮಂದಿ "ಮುದುಕಿಗೆ ವಯಸ್ಸಾದಂಗ ಹುರುಪು ಬರಾಕತ್ತೈತಿ ನೋಡ" ಎಂದು ಹೊಗಳಿದ್ದೇ ಹೊಗಳಿದ್ದು. ಆದರೆ ಮನೆಯೊಳಗಿನ ಸಂಗತಿಯೇ ಬೇರೆ. ಸೋಲನ್ನೇ ಕಾಣದ ಈ ತಂಗೆವ್ವ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಬೀಸಲು ಕೊಟ್ಟ ಜೋಳವನ್ನು ಗಿರಣಿಯಲ್ಲೇ ಬಿಟ್ಟು ಬರುತ್ತಿದ್ದಳು. ಹಿಮ್ಮೇಳದಲ್ಲಿ ತುಂತುಣಿ ಬಾರಿಸುವ ಗುರವ್ವ ಆಕೆಯ ಜೊತೆಗೇ ಇರುವವಳು, ಒಂದೇ ತಾಟಿನಲ್ಲಿ ಉಂಡವಳು. ಒಂದು ಮುಂಜಾನೆ ಅವಳ ಹೆಸರೇ ನಾಲಗೆಗೆ ಬರಲಿಲ್ಲ. "ಏ ಇಕಿ... ಏ ತುಂತುಣೀ!" ಎಂದು ಕರೆದುಬಿಟ್ಟಳು. ಇಬ್ಬರೂ ಬಿದ್ದುಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ತಂಗೆವ್ವ ಹಿತ್ತಲಿಗೆ ಹೋಗಿ "ಗುರವ್ವ, ಗುರವ್ವ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಹರದೇಶಿ–ನಾಗೇಶಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅದು ಗೀಗೀ ಪದದ ಜಗಳ. ಗಂಡು ಹೆಚ್ಚು ಎಂದು ಹಾಡುವವನು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವಳು ನಾಗೇಶಿ. ಒಬ್ಬರು ಡಪ್ಪು ಬಡಿದು ಸವಾಲು ಹಾಕಿದರೆ ಇನ್ನೊಬ್ಬರು ನಿಂತ ಮೆಟ್ಟಿನಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ಬರೆದಿಟ್ಟುಕೊಂಡದ್ದು ಅಲ್ಲಿ ನಡೆಯುವುದಿಲ್ಲ. ನೆನಪು ಬೇಕು, ಬಾಯಿ ಬೇಕು, ಎದೆ ಬೇಕು. ತಂಗೆವ್ವ ನಾಗೇಶಿ. ಅವಳೆದುರಿನ ಹರದೇಶಿ ಬೀಳಗಿಯ ದಾವಲಸಾಬ ನದಾಫ. ಹಗಲು ಗಾದಿಗೆ ಹತ್ತಿ ತುಂಬುವವನು, ಪದಕ್ಕೆ ನಿಂತರೆ ಶಿವನ ಪರವಾಗಿ ಗಂಟಲು ಹರಿದುಕೊಳ್ಳುವವನು. ಪದ ಹಾಡುವ ಅಟ್ಟದ ಮೇಲೆ ಹಾವು–ಮುಂಗುಲಿ, ಕೆಳಗಿಳಿದರೆ ಅಕ್ಕ–ತಮ್ಮ. ಅವರಿಬ್ಬರ ನಡುವೆ ಒಂದು ಕರಾರಿತ್ತು: ಸೋತವರು ಮುಂದಿನ ಆಟದಲ್ಲಿ ಗೆದ್ದವರ ಡಪ್ಪನ್ನು ಬೆಂಕಿಗೆ ಹಿಡಿದು ಕಾಯಿಸಿ ಕೊಡಬೇಕು. ಕಾದರೇನೇ ಚರ್ಮ ಬಿಗಿದು ನಾದ ಬರುವುದು. ಆ ವರ್ಷವೆಲ್ಲ ದಾವಲಸಾಬನೇ ಉರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಆಕೆಯ ಡಪ್ಪು ಕಾಯಿಸಿದ.

ತಂಗೆವ್ವನಿಗೆ ಎಚ್‌ಐವಿ ಇತ್ತು. ಅದು ಯಾರಿಂದ ಬಂತು, ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಆಕೆ ಹಿಂದೆಯೇ ಪದದಲ್ಲಿ ಝಾಡಿಸಿ ಬಾಯಿ ಮುಚ್ಚಿಸಿದ್ದಳು. ನಮಗೂ ಅದರ ಉಸಾಬರಿ ಬೇಡ. ದಿನಾ ತಪ್ಪದೆ ಗುಳಿಗೆ ನುಂಗುತ್ತಿದ್ದಳು. ರಕ್ತದಲ್ಲಿ ಹುಡುಕಿದರೂ ವೈರಸ್ಸು ಸಿಗದಷ್ಟು ಕಡಿಮೆಯಾಗಿತ್ತು. ಹಾಗಿದ್ದ ಮೇಲೆ ಈ ಮರೆವು ಎಲ್ಲಿಂದ ಗಂಟುಬಿತ್ತು?

ಅದನ್ನು ತಿಳಿಸಿ ಹೇಳಿದವರು ಬಾಗಲಕೋಟೆಯ ಹೊರಗಿದ್ದ ಒಂದು ಸಂಶೋಧನಾಲಯದ ಡಾಕ್ಟರು, ವಿಶಾಲಾಕ್ಷಿ ಯಲಿಗಾರ. ಮರೆವಿಗೆಂದು ಅವರು ಕೊಡುತ್ತಿದ್ದ "ಗುಂಡಿ" ಎಂಬ ಸಣ್ಣ ಯಂತ್ರ ಆಗಿನ್ನೂ ಹೊಸದು. ಈಗೇನು, ತಾಲೂಕು ದವಾಖಾನೆಯಲ್ಲೂ ಸಿಗುತ್ತದೆ. ಆಗ ಇಡೀ ಜಿಲ್ಲೆಯಲ್ಲಿ ಕೆಲವರಿಗಷ್ಟೇ ಕೊಟ್ಟು ನೋಡುತ್ತಿದ್ದರು.

"ನೋಡವಾ ತಂಗೆವ್ವಾ," ಎಂದರು ಡಾಕ್ಟರು, "ಊರಿಗೆ ಕಳ್ಳ ಬಂದಾನ ಅಂತ ತಿಳಿ. ರಾತ್ರಿ ಕಾವಲಿನ ಪಾರೇದಾಂವ ಕೂಗ್ತಾನ. ಮಂದಿ ಎದ್ದು ಕಳ್ಳನ್ನ ಹಿಡದು ಕ್ವಾಣ್ಯಾಗ ಹಾಕಿ ಕೀಲಿ ಜಡೀತಾರ. ಆ ಕೀಲಿ ಅಂದ್ರ ನಿನ್ನ ಗುಳಗಿ. ಕಳ್ಳ ಒಳಗ ಅದಾನ, ಸತ್ತಿಲ್ಲ, ಆದ್ರ ಹೊರಗ ಬರಂಗಿಲ್ಲ. ಇಷ್ಟಾದ್ರೂ ಪಾರೇದಾಂವ ಕೂಗೂದ ಬಿಡವಲ್ಲ. ನಿನ್ನ ಮಿದುಳಿನ್ಯಾಗ ಅಂಥಾ ಕಾವಲು ಜೀವಕೋಶ ಅದಾವು. 'ಕಳ್ಳ ಬಂದ, ಕಳ್ಳ ಬಂದ' ಅಂತ ಒಂದಕ್ಕೊಂದು ರಾಸಾಯನಿಕದ ಓಲಿ ಕಳಿಸಿಕೋತ ಕುಂತಾವು. ಆ ಗದ್ದಲದಾಗ ನೆನಪಿನ ಕೆಲಸಾ ಮಾಡೂ ಕೋಶಗೋಳು ನಿದ್ದಿಗೆಟ್ಟು ಸೊರಗ್ತಾವು."

"ಹಂಗಾರ ಆ ಪಾರೇದಾಂವಗ ಎರಡ ಬಾರಸ್ರಿ."

"ಬಾರಿಸಿದ್ರ ಮತ್ತಿಷ್ಟು ಕೂಗ್ತಾನ. ಅಂವಗ ಸಮಾಧಾನ ಹೇಳಬೇಕು."

ಸಮಾಧಾನ ಹೇಳುವುದೇ ಗುಂಡಿಯ ಕೆಲಸ. ಅಂಗಿಯ ಗುಂಡಿಯಷ್ಟೇ ದಪ್ಪ, ಕಿವಿಯ ಹಿಂದೆ ಅಂಟಿಸಿಕೊಳ್ಳುವುದು. ಮಿದುಳಿನಿಂದ ಹೊಟ್ಟೆಯತನಕ ಇಳಿಯುವ ಒಂದು ಉದ್ದನೆಯ ನರವಿದೆಯಲ್ಲ, ಅದರ ಒಂದು ಎಳೆ ಕಿವಿಯ ಹತ್ತಿರ ಹಾಯುತ್ತದೆ. ಗುಂಡಿ ಆ ನರದ ಮಿಡಿತವನ್ನು ಕೇಳಿ ಒಳಗಿನ ಗದ್ದಲ ಎಷ್ಟಿದೆ ಎಂದು ಅಳೆಯುತ್ತದೆ. ಮನುಷ್ಯ ನಿಜವಾಗಿ ನೆಮ್ಮದಿಯಲ್ಲಿರುವಾಗ ಆ ನರ ಯಾವ ತಾಳದಲ್ಲಿ ಮಿಡಿಯಿತು ಎಂಬುದನ್ನು ಕಲಿತುಕೊಳ್ಳುತ್ತದೆ. ಆಮೇಲೆ ಗದ್ದಲ ಎದ್ದಾಗೆಲ್ಲ ಅದೇ ತಾಳವನ್ನು ನರಕ್ಕೆ ಮೆಲ್ಲಗೆ ಬಾರಿಸಿ ತೋರಿಸುತ್ತದೆ. ಕಾವಲಿನ ಕೋಶಗಳು ತಣ್ಣಗಾಗುತ್ತವೆ. ಒಬ್ಬರ ತಾಳ ಇನ್ನೊಬ್ಬರಿಗೆ ಹೊಂದುವುದಿಲ್ಲ. ಅವರವರ ನೆಮ್ಮದಿ ಅವರವರಿಂದಲೇ ಕಲಿಯಬೇಕು.

ಗುಂಡಿಗೆ ಕಲಿಸುವುದಕ್ಕೆಂದು ತಂಗೆವ್ವನನ್ನು ಒಂದು ತಂಪು ಕೋಣೆಯಲ್ಲಿ ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಿ, ಸಣ್ಣಗೆ ಕೊಳಲು ಹಚ್ಚಿ, "ಏನೂ ವಿಚಾರ ಮಾಡಬ್ಯಾಡ್ರಿ" ಎಂದರು. ಉಳಿದವರೆಲ್ಲ ಅಲ್ಲಿ ಗೊರಕೆ ಹೊಡೆದು ಎದ್ದು ಬಂದಿದ್ದರು. ತಂಗೆವ್ವ ಕಣ್ಣು ಮುಚ್ಚಿದಳು. ಮುಚ್ಚಿದ ಕೂಡಲೇ ಗಣಪತಿ ಸ್ತುತಿಯ ಎರಡನೆಯ ಸಾಲು ಯಾವುದು ಎಂದು ಹುಡುಕತೊಡಗಿದಳು. ಸಿಗಲಿಲ್ಲ. ಹುಡುಕಿದಷ್ಟೂ ಗಾಬರಿಯಾಯಿತು. ಗುಂಡಿ ಪಾಪ, ಅದನ್ನೇ ನೆಮ್ಮದಿ ಎಂದು ಕಲಿತುಕೊಂಡಿತು.

ಕೆಲವು ತಿಂಗಳು ಕಳೆದವು. ಉಳಿದವರಿಗೆ ಗುಣ ಕಾಣಿಸಿತು. ತಂಗೆವ್ವನ ಗೆರೆ ಮಾತ್ರ ಇಳಿಯಲಿಲ್ಲ. ಗದ್ದಲ ಹೆಚ್ಚಾದರೆ ಮೇಲೇರುವ, ಕಡಿಮೆಯಾದರೆ ಕೆಳಗಿಳಿಯುವ ಹಸಿರು ಗೆರೆಯದು. ಸಂಶೋಧನಾಲಯದ ದೊಡ್ಡ ಪರದೆಯ ಮೇಲೆ ಪ್ರತಿಯೊಬ್ಬರದೂ ಕಾಣುತ್ತಿತ್ತು. ಒಂದು ದಿನ ಡಾಕ್ಟರು ಆಕೆಯನ್ನು ಪರದೆಯ ಮುಂದೆ ಕೂರಿಸಿ ಮೆಲ್ಲಗೆ ವಿಷಯಕ್ಕೆ ಬಂದರು.

"ತಂಗೆವ್ವಾ, ಸಿಟ್ಟ ಆಗಬ್ಯಾಡ. ನೀ ಪದಾ ಹಾಡಿದ ದಿನಾನ ಗೆರಿ ಎಲ್ಲಾಕಿಂತ ಹೆಚ್ಚ ಏರೇತಿ. ಮೊನ್ನೆ ಮಹಾಲಿಂಗಪುರದಾಗ ಹಾಡಿದ್ಯಲ್ಲ, ಇಲ್ಲಿ ನೋಡು, ಗುಡ್ಡಾನ ಆಗೇತಿ. ಹಾಡೂದು ನಿನಗ ತ್ರಾಸ ಕೊಡಾಕತ್ತೇತಿ. ಬಿಟ್ಟಬಿಡು."

"ಏನ ಬಿಡ್ಲಿ?"

"ಪದಾ."

ತಂಗೆವ್ವ ಪರದೆಗೆ ಬೆನ್ನು ತಿರುಗಿಸಿ ಕೂತಳು. ಗಂಡ ಹೋದಾಗ, ಮಂದಿ ನೀರಿನ ಕೊಡ ಮುಟ್ಟಗೊಡದಿದ್ದಾಗ ಆಕೆಯನ್ನು ಎತ್ತಿ ನಿಲ್ಲಿಸಿದ್ದು ಆ ಪದವೇ. ಡಪ್ಪು ಹಿಡಿದು ನಿಂತರೆ ಹೀಯಾಳಿಸಿದವರೇ ಮುಂದೆ ಬಂದು ಕೂತು ತಲೆದೂಗುತ್ತಿದ್ದರು. ನೆನಪು ಉಳಿಸಿಕೊಳ್ಳಲು ಪದ ಬಿಡಬೇಕಂತೆ! ಪದ ಬಿಟ್ಟ ಮೇಲೆ ನೆನಪು ಯಾರ ಮನೆ ಉದ್ಧಾರಕ್ಕೆ? ಆಕೆಗೆ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ಗೆರಿ ಪೂರಾ ಪದದಾಗ ಏರೇತೋ, ಮಧ್ಯಾಮಧ್ಯಾ ಏರೇತೋ?"

ಡಾಕ್ಟರಿಗೂ ಅದು ತಲೆಗೆ ಹೊಳೆದಿರಲಿಲ್ಲ. ಗುರವ್ವ ಮಹಾಲಿಂಗಪುರದ ಆಟವನ್ನು ತನ್ನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಡಾಕ್ಟರು ಆ ಧ್ವನಿಯನ್ನೂ ಗೆರೆಯನ್ನೂ ಒಂದಕ್ಕೊಂದು ಹೊಂದಿಸಿ ಓಡಿಸಿದರು. ಪರದೆಯ ಕೋಣೆಯಲ್ಲಿ ಡಪ್ಪು ಗುಡುಗಿತು. ದಾವಲಸಾಬನ ಸವಾಲು ಬಂತು.

"ಬೀಜ ಇಲ್ಲದ ಬೆಳಿ ಎಲ್ಲಿ ಐತಿ
ಗಂಡ ಹೆಚ್ಚೋ, ಹೆಣ್ಣ ಹೆಚ್ಚೋ ಹೇಳ"

ತಂಗೆವ್ವನ ಜವಾಬು ಥಟ್ಟನೆ ಬಂತು.

"ಮಣ್ಣ ಇಲ್ಲದ ಬೀಜ ಏನ ಮಾಡೀತ
ಇಲಿ ಹೊಟ್ಟಿಗಿ ಆದೀತ ಕಾಳ"

ಮಂದಿ ಸಿಳ್ಳೆ ಹೊಡೆದರು. ಗೆಲುವು ತಂಗೆವ್ವನದು. ಹಸಿರು ಗೆರೆ ಅಲ್ಲೇ, ಸಿಳ್ಳೆಯ ನಡುವೆಯೇ, ಸರ್ರನೆ ಮೇಲೇರಿತು. ಮುಂದಿನ ಸವಾಲಿಗೂ ಅಷ್ಟೇ. ಹಾಡುವಾಗ ಗೆರೆ ತನ್ನಷ್ಟಕ್ಕೆ ಇತ್ತು, ಗೆದ್ದಾಗ ಏರುತ್ತಿತ್ತು.

"ಇದೇನಿದು? ಗೆದ್ರ ಖುಷಿ ಆಗಬೇಕಲ್ಲ?" ಎಂದು ಡಾಕ್ಟರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

ತಂಗೆವ್ವ ಗೆರೆ ನೋಡುತ್ತಿರಲಿಲ್ಲ. ತನ್ನ ಪದವನ್ನು ತಾನೇ ಹೊರಗಿನವಳಂತೆ ಕೂತು ಕೇಳಿದ್ದು ಆಕೆಗೆ ಅದೇ ಮೊದಲು. ಕೇಳುತ್ತ ಕೇಳುತ್ತ ಮುಖ ಕೆಂಪೇರಿತು.

"ಬೀಜಾ, ಹೊಲಾ! ಯವ್ವಾ, ಇದು ಪದಾ ಕಲಿಯೂ ಹುಡುಗೋರಿಗೆ ಮೊದಲನೇ ದಿನಾ ಕೇಳೂ ಸವಾಲರೀ! ಅಂವಾ ದಾವಲ, ಚಂದ್ರನ ಮಾರಿಗೆ ಕರೀ ಕಲಿ ಹಚ್ಚಿದವರ್‍ಯಾರು ಅಂತ ನನ್ನ ಮೂರ ತಾಸು ನೀರ ಕುಡಿಸಿದಾಂವ. ಅಂಥಾಂವ ವರ್ಷಪೂರ್ತಿ ಬೀಜಾ ಹೊಲಾ ಮಾಡ್ಯಾನ. ಬೇಕಂತ ಸೋತಾನ! ನನ್ನ ಮ್ಯಾಲ ಕರುಣಾ ತೋರ್ಸ್ಯಾನ, ಮುಕಳ್ಯಾ!"

ಡಾಕ್ಟರು ನಗಬೇಕೋ ಬೇಡವೋ ತಿಳಿಯದೆ ಕೂತರು. ಆಮೇಲೆ ನಿಧಾನವಾಗಿ ಹೇಳಿದರು. "ಅಂದ್ರ ನಿನ್ನ ತಲಿಗೆ ಗೊತ್ತಾಗೂಕಿಂತ ಮೊದಲ ನಿನ್ನ ಮೈಗೆ ಗೊತ್ತಾಗಿತ್ತು. ಗೆಲುವು ಖೊಟ್ಟಿ ಅಂತ ಒಳಗ ಯಾರೋ ಕೂಗಾಕತ್ತಿದ್ರು. ತಪ್ಪ ನಂದೂ ಐತಿ. ನೆಮ್ಮದಿ ಅಂದ್ರ ಮಲಗೂದು ಅಂತ ತಿಳಕೊಂಡು ನಿನ್ನ ಹಾಸಿಗಿ ಮ್ಯಾಲ ಹಾಕಿದೆ. ಗುಂಡಿಗೆ ನಾ ಏನ ಕಲಿಸೇನೋ ದೇವರಿಗೇ ಗೊತ್ತು."

ಮರುದಿನವೇ ತಂಗೆವ್ವ ಬೀಳಗಿಯ ಬಸ್ಸು ಹತ್ತಿದಳು. ದಾವಲಸಾಬ ಅಂಗಡಿಯ ಕಟ್ಟೆಯ ಮೇಲೆ ಹತ್ತಿಯ ರಾಶಿಯ ನಡುವೆ ಕೂತು ಗಾದಿ ಹೊಲಿಯುತ್ತಿದ್ದ. ಗಡ್ಡ, ಹುಬ್ಬು ಎಲ್ಲ ಹತ್ತಿಯ ಎಳೆ.

"ಬಾ ಅಕ್ಕ, ಬಾ. ಚಾ ತರಸ್ಲೇನು?"

"ನಿನ್ನ ಚಾದಾಗ ಮಣ್ಣ ಹಾಕ! ಎಂದಿನಿಂದ ಸೋಲಾಕತ್ತಿ ನೀ?"

ದಾವಲಸಾಬನ ಕೈಯ ದಬ್ಬಳ ನಿಂತಿತು. ಸುಳ್ಳು ಹೇಳಲು ಬಾಯಿ ತೆಗೆದ. ಆಕೆಯ ಕಣ್ಣು ನೋಡಿ ಮುಚ್ಚಿದ.

"ಜಮಖಂಡ್ಯಾಗ ನೀ ಗಣಪತಿ ಸ್ತುತಿ ಮರತು ನಿಂತ್ಯಲ್ಲ ಅಕ್ಕ, ಅಂದಿನಿಂದ," ಎಂದ. "ಮಂದಿ ಮುಂದ ನಿನಗ ಅವಮಾನ ಆದೀತು ಅಂತ ನನ್ನ ಕರಳ ಚುರ್ ಅಂತು. ಸುಳ್ಳ ಯಾಕ ಹೇಳ್ಲಿ, ಮನಿಗೆ ಹೋಗಿ ಅತ್ತೆ."

"ಅತ್ರ ಅಳು. ಅಳಬ್ಯಾಡ ಅಂದಾಕ್ಯಲ್ಲ. ಖರೆ ಅಟ್ಟದ ಮ್ಯಾಲ ಯಾಕ ಅಳ್ತಿ? ಊರೆಲ್ಲ ನನ್ನ ಸತ್ತಾಕಿ ಅಂತ ತಿಳಿದಾಗ ನೀ ಒಬ್ಬಾಂವ ನನ್ನ ಮಾರಿ ಮ್ಯಾಲ ಬೈದು ಪದಾ ಹಾಡಿದಿ. ಆ ಬೈಗಳಾ ತಿಂದ ನಾ ಬದುಕೇನೋ ದಾವಲಾ. ನೀನೂ ಕರುಣಾ ಮಾಡಾಕ ಹತ್ತಿದ್ರ ನಾ ಯಾರ ಕೂಡ ಜಗಳಾಡ್ಲಿ?"

ಹತ್ತಿಯ ರಾಶಿಯ ಪಕ್ಕದಲ್ಲಿ ಅಕ್ಕ–ತಮ್ಮ ಇಬ್ಬರೂ ಅತ್ತರು. ಆಮೇಲೆ ಚಹಾ ಬಂತು. ತಂಗೆವ್ವ ಎರಡು ಕಪ್ಪು ಕುಡಿದಳು. ಏಳುವಾಗ ಬೆರಳು ತೋರಿಸಿ ಹೇಳಿದಳು. "ಶುಕ್ರವಾರ ಡಾಕ್ಟರವ್ವನ ದವಾಖಾನ್ಯಾಗ ನಂದೂ ನಿಂದೂ ಪದಾ. ಕೈಲಾದಷ್ಟು ಕೆಟ್ಟಾಂವ ಆಗಿ ಬಾ."

ಶುಕ್ರವಾರ ಗುಳಿಗೆ ಒಯ್ಯಲು ಮಂದಿ ಬರುವ ದಿನ. ಸಂಶೋಧನಾಲಯದ ಅಂಗಳದ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದರು. ಪಡಸಾಲೆಯಲ್ಲಿ ಪರದೆ ತಂದಿಟ್ಟು ಡಾಕ್ಟರು ಕುರ್ಚಿಯ ತುದಿಯಲ್ಲಿ ಕೂತರು. ತಂಗೆವ್ವನ ಗುಂಡಿಯಲ್ಲಿದ್ದ ಹಳೆಯ ತಾಳವನ್ನೆಲ್ಲ ಅಳಿಸಿಯಾಗಿತ್ತು. ಅದೀಗ ಏನನ್ನೂ ಬಾರಿಸುವುದಿಲ್ಲ, ಬರೀ ಕೇಳುತ್ತದೆ. ಗೆರೆ ಇಂದೂ ಮೇಲೇರಿದರೆ ಪದ ಬಿಡುತ್ತೇನೆ ಎಂದು ತಂಗೆವ್ವ ಡಾಕ್ಟರಿಗೆ ಮಾತು ಕೊಟ್ಟಿದ್ದಳು.

ದಾವಲಸಾಬ ಆಕೆಯ ಡಪ್ಪನ್ನು ಕಾಯಿಸಿ ಕೈಗೆ ಕೊಟ್ಟ. ತನ್ನದನ್ನು ಎತ್ತಿಕೊಂಡ. ಹಿಮ್ಮೇಳದವರು "ಜೀ ಜೀ ಜೀ" ಎಂದರು. ದಾವಲಸಾಬ ಆಕೆಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತ.

"ಕೇಳ ನಾಗೇಶಿ, ಕಿವಿಗೊಟ್ಟ ಕೇಳ
ಎಲ್ಲದಕ್ಕೂ ಹೆಣ್ಣ ಮೇಲಂತಿ, ತಾಳ
ಮರವು ಎಂಬೂದು ಯಾರ ಪಾಲ ಹೇಳ
ಹೆಣ್ಣಿಂದೋ ಗಂಡಿಂದೋ, ಜವಾಬ ಹೇಳ"

ಕೂತವರಲ್ಲಿ ಅರ್ಧ ಮಂದಿಗೆ ಅದೇ ಜಡ್ಡು, ಅದೇ ಮರೆವು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಈ ಗಾದಿಯವನು ಡಪ್ಪು ಬಡಿದು ಕೇಳಿದ್ದ. ಗಂಡಿನದು ಎಂದರೆ "ಹಾಗಾದರೆ ನೀನೇಕೆ ಮರೆಯುತ್ತಿ?" ಎನ್ನುತ್ತಾನೆ. ಹೆಣ್ಣಿನದು ಎಂದರೆ ಸೋತಂತೆಯೇ. ಗುರವ್ವ ತುಂತುಣಿ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

ತಂಗೆವ್ವನ ತಲೆ ಬರಿದಾಯಿತು. ಸಾಲು ಹುಡುಕಿದಳು, ಇಲ್ಲ. ಪಡಸಾಲೆಯಲ್ಲಿ ಹಸಿರು ಗೆರೆ ಏರತೊಡಗಿದ್ದು ಆಕೆಗೂ ಕಂಡಿತು. ಡಾಕ್ಟರು ಎದ್ದು ನಿಂತರು. ದಾವಲಸಾಬನ ಕಣ್ಣಂಚು ಒದ್ದೆಯಾಗಿತ್ತು; ಆದರೂ ಆತ ಬಿಡಲಿಲ್ಲ. ಮಂದಿಯ ಕಡೆಗೆ ತಿರುಗಿ ಹಲ್ಲು ಕಿಸಿದು ಕೂಗಿದ.

"ಯಾಕ ನಾಗೇಶಿ? ನಾಲಿಗಿನೂ ಜೋಳದ ಕೂಡ ಗಿರಣ್ಯಾಗ ಬಿಟ್ಟ ಬಂದಿ ಏನ?"

"ಯಾವನೋ ನಿನಗ ಗಿರಣಿ ಸುದ್ದಿ ಹೇಳಿದಾಂವ!" ಎಂದಳು ತಂಗೆವ್ವ. ಗುರವ್ವ ತಲೆ ತಗ್ಗಿಸಿದಳು. ತಂಗೆವ್ವನಿಗೆ ಸಿಟ್ಟೂ ಬಂತು, ನಗೆಯೂ ಬಂತು. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ಆಕೆಯನ್ನು ಗಾಜಿನ ಬಳೆಯಂತೆ ಹಿಡಿಯದೆ ಸರಿಯಾಗಿ ಝಾಡಿಸಿದ್ದ. ಎದೆ ಹಗುರಾಯಿತು. ಕೈ ತಾನಾಗಿಯೇ ಡಪ್ಪಿಗೆ ಬಿತ್ತು. ಹಳೆಯ ಸಾಲು ನೆನಪಾಗಲಿಲ್ಲ; ಹೊಸದೇ ಹುಟ್ಟಿಬಂತು.

"ಮರವು ಹೆಣ್ಣಿಂದ ತಮ್ಮಾ, ಮುಚ್ಚಿಡೂದ್ಯಾಕ
ಹಡದ ನೋವ ನಿಮ್ಮವ್ವ ಮರತಳು, ಅದಕ
ನಿನ್ನ ಬೆನ್ನಿಗೆ ಬಿದ್ದಾಂವ ಬಂದ ಲೋಕಕ
ಮರೀದಿದ್ರ ತೊಟ್ಟಿಲ ತೂಗೂದು ಒಂದ ಸಲಕ"

"ಜೀ ಜೀ ಜೀ!" ಹಿಮ್ಮೇಳದ ಜೊತೆ ಅಂಗಳವೇ ಕೂಗಿತು. ದಾವಲಸಾಬ ಬಾಯಿ ತೆಗೆಯುವಷ್ಟರಲ್ಲಿ ಆಕೆ ಇನ್ನೊಂದು ಹೆಜ್ಜೆ ಮುಂದೆ ಬಂದಳು.

"ಕಳ್ಳ ಸಿಕ್ಕ ಕಾಲಾತು, ಕೀಲಿ ಬಿದ್ದೇತಿ
ಪಾರೇದಾಂವ ಇನ್ನೂ ಕೂಗ್ತಾನ, ಊರ ಎದ್ದೇತಿ
ಮರೀಲಾರದ ಗಂಡಿನಿಂದ ನಿದ್ದಿ ಕೆಟ್ಟೇತಿ
ಮರಿಯೂದ ಕಲಿಯೋ ಮೂಢಾ, ಹೆಣ್ಣ ಹೇಳೇತಿ"

ಡಾಕ್ಟರು ವಿಶಾಲಾಕ್ಷಿ ದೊಡ್ಡ ಧ್ವನಿಯಲ್ಲಿ "ಭಲೇ!" ಎಂದು ಕೂಗಿಬಿಟ್ಟರು. ತಾವು ಪಾಠದಂತೆ ಹೇಳಿದ್ದ ಕಾವಲುಗಾರನ ಮಾತು ಪದವಾಗಿ ತಿರುಗಿ ಬಂದಿತ್ತು. ಪರದೆಯ ಕಡೆ ನೋಡಿದರೆ ಹಸಿರು ಗೆರೆ ಇಳಿದು, ಇನ್ನೂ ಇಳಿದು, ತಂಪು ಕೋಣೆಯಲ್ಲಿ ಮಲಗಿ ಎದ್ದವರಲ್ಲಿ ಯಾರ ಗೆರೆಯೂ ಇಳಿಯದಷ್ಟು ಕೆಳಗೆ ಹೋಗಿ ನಿಂತಿತ್ತು. ಗುಂಡಿ ಎಲ್ಲವನ್ನೂ ಕೇಳಿಸಿಕೊಂಡಿತು, ಆ ತಾಳವನ್ನು ಕಲಿತುಕೊಂಡಿತು.

ದಾವಲಸಾಬ ರುಮಾಲು ತೆಗೆದು ಆಕೆಯ ಪಾದದ ಹತ್ತಿರ ಇಟ್ಟ. "ಇವತ್ತ ಖರೇನ ಸೋತೆ ಅಕ್ಕ," ಎಂದ. ಆಕೆ ಅವನ ತಲೆಯ ಮೇಲೆ ಒಂದು ಮೊಟಕಿದಳು.

ಅಂದಿನಿಂದ ಗುಂಡಿ ಸರಿಯಾಗಿ ಕೆಲಸ ಮಾಡತೊಡಗಿತು. ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಕಿವಿಯ ಹಿಂದೆ ಸಣ್ಣಗೆ ಕಚಗುಳಿಯಾಗುತ್ತಿತ್ತು. ಯಾರೋ ಜಗಳಕ್ಕೆ ಕರೆದಂತಾಗಿ ತಂಗೆವ್ವ ಒಬ್ಬಳೇ ನಗುತ್ತಿದ್ದಳು. ಹೋದ ನೆನಪೆಲ್ಲ ವಾಪಸು ಬಂತು ಎಂದರೆ ಸುಳ್ಳಾದೀತು. ಕೆಲವು ಹೆಸರು, ಕೆಲವು ಊರು ಹೋದವು ಹೋದವೇ. ಗಣಪತಿ ಸ್ತುತಿ ಮಾತ್ರ ಬಂತು. ಜೋಳವೂ ಗಿರಣಿಯಿಂದ ಮನೆಗೆ ಬಂತು. ಸಾರಿನ ಉಪ್ಪಿನ ಬಗ್ಗೆ ಗುರವ್ವನ ದೂರು ಇನ್ನೂ ಇದೆ, ಆದರೆ ಅದು ಮೊದಲಿನಿಂದಲೂ ಇದ್ದದ್ದೇ.

ಸಂಶೋಧನಾಲಯದ ತಂಪು ಕೋಣೆಗೂ ಕೀಲಿ ಬಿತ್ತು. ಈಗ ಹೊಸಬರು ಬಂದರೆ ಡಾಕ್ಟರು ಮೊದಲು ಕೇಳುವ ಮಾತು, "ನಿಮಗ ಜೀವಾ ಹಗುರ ಆಗೂದು ಎಲ್ಲಿ?" ಒಬ್ಬನಿಗೆ ಎತ್ತಿನ ಮೈ ತೊಳೆಯುವಾಗ. ಒಬ್ಬಾಕೆಗೆ ಸಂತೆಯಲ್ಲಿ ಚೌಕಾಸಿ ಮಾಡುವಾಗ. ಇನ್ನೊಬ್ಬ ಮಾಸ್ತರನಿಗೆ ಇಸ್ಪೀಟಿನಲ್ಲಿ ಹೆಂಡತಿಯ ಎಲೆ ಕದ್ದು ನೋಡುವಾಗ. ಡಾಕ್ಟರು ಅಲ್ಲಿಗೇ ಹೋಗಿ ಗುಂಡಿಗೆ ಪಾಠ ಹೇಳಿಸುತ್ತಾರೆ.

ಸುಗ್ಗಿ ಮುಗಿದ ಮೇಲೆ ಮುಧೋಳದ ಒಂದು ಮದುವೆಯಲ್ಲಿ, ಊಟದ ಪಂಕ್ತಿ ಎದ್ದ ಮೇಲೆ, ಇಬ್ಬರ ಪದ ನಡೆಯಿತು. ದಾವಲಸಾಬ ಅಂದು ಮೈಮೇಲೆ ದೇವರು ಬಂದವನಂತೆ ಹಾಡಿದ. ಸವಾಲಿನ ಮೇಲೆ ಸವಾಲು. ತಂಗೆವ್ವ ಮರೆಯಲಿಲ್ಲ, ತೊದಲಲಿಲ್ಲ, ಕಲಿತದ್ದನ್ನೆಲ್ಲ ತೆಗೆದು ಎದುರಿಗೆ ಹಾಕಿದಳು. ಕೊನೆಯದೊಂದು ಸವಾಲಿಗೆ ಆಕೆಯ ಹತ್ತಿರ ಜವಾಬಿರಲಿಲ್ಲ. ಮರೆತದ್ದಲ್ಲ, ಗೊತ್ತೇ ಇರಲಿಲ್ಲ. ಮಂದಿ ಹರದೇಶಿಯನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು.

ಡಾಕ್ಟರಿಗೆ ಸುದ್ದಿ ಮುಟ್ಟಿತು. ಮುಂದಿನ ಆಟದ ದಿನ ಗಾಬರಿಯಿಂದ ಫೋನು ಹಚ್ಚಿದರು. "ತಂಗೆವ್ವಾ, ಸೋತ್ಯಂತಲ್ಲ! ಗೆರಿ ನೋಡಿದ್ರ ಅವತ್ತಿನಿಂದ ನೆಲಕ್ಕ ಹತ್ತೇತಿ, ಏಳವಲ್ಲದು. ಗುಂಡಿ ಏನರ ಕೆಟ್ಟೈತೇನು?"

"ಗುಂಡಿ ಛಲೋ ಐತ್ರಿ!" ತಂಗೆವ್ವ ಆಗ ಹುಲ್ಲಿನ ಉರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಭುಜಕ್ಕೂ ಕಿವಿಗೂ ನಡುವೆ ಮೊಬೈಲು, ಕೈಯಲ್ಲಿ ದಾವಲಸಾಬನ ಡಪ್ಪು. ಹೊಗೆಗೆ ಕಣ್ಣಲ್ಲಿ ನೀರು, ಮುಖದ ತುಂಬ ನಗೆ. "ಸೋತ್ನಿರಿ ಡಾಕ್ಟರವ್ವಾ, ಖರೇ ಖರೇ ಸೋತ್ನಿ! ಅಂವಾ ಒಂದೀಟೂ ಬಿಡಲಿಲ್ಲ ನೋಡ್ರಿ!"

ಡಪ್ಪನ್ನು ಉರಿಗೆ ಇನ್ನೊಮ್ಮೆ ತಿರುಗಿಸಿ ಹಿಡಿದು, ಬೆರಳಿನಿಂದ ಬಡಿದು ನೋಡಿದಳು. ನಾದ ಸರಿಯಾಗಿತ್ತು. "ಬಾರೋ ಹರದೇಶಿ, ಕಾದೈತಿ, ತಗೋ," ಎಂದು ಕೂಗಿದಳು.